ಎರಡನೇ ಸೇತುವೆಯ ತಿರುವು

ಕುಂಬಾರಕೊಪ್ಪಲು, ಮೈಸೂರು
೧೩–೧೦–೧೯೯೮

ಮುದ್ದು ಮಗಳು ಲಾಸ್ಯಾಳಿಗೆ ನಿನ್ನಪ್ಪನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ನೆಗಡಿ ಬಿಟ್ಟಿತೇ? ತಿಪಟೂರಿನಲ್ಲಿ ಬೆಳಗಿನ ಹೊತ್ತು ಚಳಿ ಶುರುವಾಗಿರಬಹುದು, ಸ್ವೆಟರ್ ಹಾಕಿಕೋ. ಪುಟ್ಟಬಸಮ್ಮಜ್ಜಿಯ ಮಂಡಿನೋವು ಹೇಗಿದೆ? ಅಮ್ಮನ ಆರೋಗ್ಯವನ್ನೂ ವಿಚಾರಿಸಿದೆ ಅಂತ ಹೇಳು. ಹೇಳಿದರೆ ಸಿಡುಕುತ್ತಾಳೆ ಅನ್ನಿಸಿದರೆ ಬೇಡ. ನಾನು ಚೆನ್ನಾಗಿದ್ದೇನೆ. ಹೂಟಗಳ್ಳಿ ಫ್ಯಾಕ್ಟರಿಯಲ್ಲಿ ಈ ತಿಂಗಳು ಮೊದಲ ಶಿಫ್ಟು, ಮೂರೂವರೆಗೆಲ್ಲ ಮನೆಗೆ ಬಂದುಬಿಡುತ್ತೇನೆ. ಬಂದು ಮಾಡುವುದೇನು? ಮನೆ ಬಿಕೋ ಅನ್ನುತ್ತದೆ. ದಸರಾ ರಜೆಗೆ ನೀನು ಬರುತ್ತೀಯ ಅಂದುಕೊಂಡಿದ್ದೆ. ಮಠದಲ್ಲಿ ಇತ್ಯರ್ಥ ಆಗುವವರೆಗೆ ಬೇಡ ಅಂತ ಹಿರಿಯರು ಅಂದರಂತೆ. ಕಾರ್ತಿಕದ ಮೊದಲ ಸೋಮವಾರ ನಾನು, ನಿಮ್ಮಮ್ಮ, ನೀನು ಸ್ವಾಮಿಗಳ ಮುಂದೆ ಕೂರಬೇಕು. ಅಪ್ಪನ ಹತ್ತಿರ ಇರುತ್ತೀಯೋ ಅಮ್ಮನ ಹತ್ತಿರವೋ ಅಂತ ಅವರು ನಿನ್ನನ್ನೇ ಕೇಳುತ್ತಾರೆ. ಅಷ್ಟು ಜನರ ಮುಂದೆ, ಹನ್ನೆರಡು ವರ್ಷದ ಹುಡುಗಿಯನ್ನು.

ಇರಲಿ, ಆಟದ ಸಮಾಚಾರ ಬರೆಯುತ್ತೇನೆ. ಬೇಸಿಗೆ ರಜೆಯಲ್ಲಿ ನೀನು ಬಂದಾಗ ನಾನು ತಂದಿದ್ದ ಟಿವಿ ಗೇಮನ್ನು ಈಗ ನಾನೊಬ್ಬನೇ ಆಡುತ್ತಿದ್ದೇನೆ. ನಗಬೇಡ. ಕ್ಯಾಸೆಟ್ಟಿನ ಮೇಲೆ ಒಂಬೈನೂರ ತೊಂಬತ್ತೊಂಬತ್ತು ಆಟ ಅಂತ ಅಚ್ಚು ಹಾಕಿದ್ದಾರಲ್ಲ, ಶುದ್ಧ ಮೋಸ. ಏಳು ಆದ ಮೇಲೆ ಅವೇ ಆಟಗಳಿಗೆ ಬೇರೆ ಬಣ್ಣ ಬಳಿದು ಕೂರಿಸಿದ್ದಾರೆ. ಇಟ್ಟಿಗೆ ಬೀಳುವ ಆಟದಲ್ಲಿ ಪಳಗಿದ್ದೇನೆ. ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷ ಅಳತೆಗೆ ಅಳತೆ ಕೂರಿಸಿದವನಿಗೆ ಅದೇನು ಮಹಾ. ಆದರೆ ಸೋಲುವವರೆಗೂ ಇಟ್ಟಿಗೆ ಬೀಳುತ್ತಲೇ ಇರುತ್ತದೆ. ಮುಗಿಯಿತು ಅಂತ ಎದ್ದು ಕೈ ತೊಳೆಯುವ ಹಾಗಿಲ್ಲದ ಕೆಲಸ ನನಗಾಗದು. ಬಾತುಕೋಳಿ ಹೊಡೆಯುವ ಆಟ ಒಂದೇ ಸಲ ಆಡಿ ಬಿಟ್ಟೆ, ನಮ್ಮ ಮನೆತನಕ್ಕೆ ಸರಿಹೋಗುವಂಥದ್ದಲ್ಲ. ಟ್ಯಾಂಕಿನ ಆಟದಲ್ಲಿ ಒಂದು ದಿನ ಕೈತಪ್ಪಿ ಇಬ್ಬರ ಆಟ ಅಂತ ಒತ್ತಿಬಿಟ್ಟೆ. ನಿನ್ನ ಹಸಿರು ಟ್ಯಾಂಕು ಮೂಲೆಯಲ್ಲಿ ಅಲ್ಲಾಡದೆ ನಿಂತಿತ್ತು. ಶತ್ರುಗಳೆಲ್ಲ ಅದರ ಕಡೆಗೇ ಬಂದರು. ಅದಕ್ಕೆ ಅಡ್ಡ ನಿಂತು ಕಾಯುತ್ತಾ ಅರ್ಧ ಗಂಟೆ ಕಳೆದೆ. ಆಮೇಲಿಂದ ಬೇಕೆಂದೇ ಇಬ್ಬರ ಆಟ ಒತ್ತುತ್ತೇನೆ.

ಆಯುಧಪೂಜೆಯ ದಿನ ಒಂದು ಎಡವಟ್ಟು ಮಾಡಿದೆ. ಸ್ಪ್ಯಾನರು, ಸೈಕಲ್ಲಿನ ಜೊತೆಗೆ ಗೇಮನ್ನೂ ಪೂಜೆಗಿಟ್ಟೆ. ಎಲ್ಲಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದ ಹಾಗೆ ಕ್ಯಾಸೆಟ್ಟಿಗೂ ಎಳೆದೆ. ಅದೂ ನೀರಿನಲ್ಲಿ ಕಲಸಿದ್ದು, ಅದೂ ತಾಮ್ರದ ಹಲ್ಲಿರುವ ತುದಿಗೆ. ಮಾರನೆಯ ದಿನ ಹಾಕಿದರೆ ಟಿವಿ ತುಂಬ ಬರೀ ಬೂದು ಬಣ್ಣ. ಮೂರು ಸಂಜೆ ಗೋಡೆ ನೋಡಿಕೊಂಡು ಕೂತೆ. ಆಗಲೇ ನನಗೆ ಗೊತ್ತಾದದ್ದು, ನಾನು ಆಡುವುದು ಆಟಕ್ಕಲ್ಲ, ಮನೆಯಲ್ಲಿ ಏನಾದರೊಂದು ಸದ್ದು ಇರಲಿ ಅಂತ. ನಮ್ಮ ಟೂಲ್ ರೂಮಿನ ದೊರೆಸ್ವಾಮಿ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದುಕ್ಕೂ ದೀಕ್ಷೆ ಕೊಡಿಸ್ಬುಡಬೇಕಾಗಿತ್ತು ಕಣಯ್ಯ" ಅಂದ. ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲು ಉಜ್ಜಿ ಸರಿಮಾಡಿಕೊಟ್ಟ.

ಅಂದಿನಿಂದ ಬೈಕ್ ರೇಸು ಒಂದನ್ನೇ ಹಿಡಿದಿದ್ದೇನೆ. ಎರಡನೇ ಸೇತುವೆ ದಾಟಿದ ಕೂಡಲೇ ಎಡಕ್ಕೆ ಒಂದು ತಿರುವಿದೆಯಲ್ಲ, ಬೇಸಿಗೆಯಲ್ಲಿ ಪ್ರತಿ ಸಲವೂ ನೀನು ಅಲ್ಲೇ ನೀರಿಗೆ ಬೀಳುತ್ತಿದ್ದೆ. "ಅಯ್ಯೋ, ಬಿದ್ಬುಟ್ಟೆ ಕಣಪ್ಪ" ಅಂತ ಕೈ ಚೆಲ್ಲುತ್ತಿದ್ದೆ. ನಾನು ಗೆದ್ದು ಬೀಗಿ ಪಕ್ಕದ ಮನೆಯ ಮುದ್ದಮ್ಮನವರಿಗೂ ಹೇಳಿಕೊಂಡು ಬರುತ್ತಿದ್ದೆ. ಮೊನ್ನೆ ಭಾನುವಾರ ಬೇಜಾರಿಗೆ ನಿನ್ನ ಕಂಟ್ರೋಲು ಹಿಡಿದು ನಿನ್ನ ಕೆಂಪು ಬೈಕನ್ನೇ ಓಡಿಸಿದೆ. ಆ ತಿರುವಿನಲ್ಲಿ ಕಟ್ಟೆ ಇದೆ ಮಗಳೇ. ಏನೂ ಒತ್ತದಿದ್ದರೂ ಬೈಕು ಕಟ್ಟೆಗೆ ಒರಗಿಕೊಂಡು ತಾನಾಗಿ ತಿರುಗುತ್ತದೆ. ಬೀಳಬೇಕಾದರೆ ಬಲಗಡೆಯ ಗುಂಡಿಯನ್ನು ಬಿಡದೆ ಒತ್ತಿ ಹಿಡಿಯಬೇಕು. ಹತ್ತು ಸಲ ಪರೀಕ್ಷೆ ಮಾಡಿದೆ. ಬೇಕೆಂದು ಬೀಳದೆ ಅಲ್ಲಿ ಯಾರೂ ಬೀಳುವುದಿಲ್ಲ. ತಿಂಗಳು ಪೂರ್ತಿ ನೀನು ನನಗೋಸ್ಕರ ಬಿದ್ದಿದ್ದೀಯ. ಸೋತರೆ ಅಪ್ಪ ಕಂಟ್ರೋಲು ಎಸೆಯುತ್ತಾನೆ, ಆಮೇಲೆ ಉಣ್ಣುವವರೆಗೂ ಮಾತಾಡುವುದಿಲ್ಲ ಅನ್ನುವುದು ನಿನಗೆ ಮೊದಲ ದಿನವೇ ತಿಳಿದುಹೋಗಿತ್ತು. ಇದೇ ಗುಣವನ್ನು ನಿಮ್ಮಮ್ಮ ಹದಿಮೂರು ವರ್ಷ ಸಹಿಸಿದಳು. ಟಿವಿ ಆರಿಸಿ ಅತ್ತೆ.

ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನೀನು ನನ್ನ ಕಿವಿಯಲ್ಲಿ, "ಸ್ವಾಮ್ಗಳು ಕೇಳುದ್ರೆ ಮೈಸೂರು ಅಂತೀನಿ ಕಣಪ್ಪ, ಯೋಚ್ನೆ ಮಾಡ್ಬೇಡ" ಅಂದಿದ್ದೆ. ಆ ಮಾತನ್ನು ಹಿಡಿದುಕೊಂಡು ಐದು ತಿಂಗಳು ಬದುಕಿದೆ. ನಿಜ ಹೇಳಬೇಕೆಂದರೆ ಆ ಗೇಮು ತಂದದ್ದೂ ನೀನು ಹಾಗನ್ನಲಿ ಅಂತಲೇ. ನಿನ್ನ ಕಳೆದ ಪತ್ರದಲ್ಲಿ ಸಂಗೀತದ ಟೀಚರು, ಗೆಳತಿ ಲಹರಿ, ಅಮ್ಮನ ಪಕ್ಕ ಮಲಗಿ ಕೇಳುವ ಕಥೆ ಅಂತ ಮೂರು ಪುಟ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೆ: ನಾನು ಹೇಳಿದ್ದು ನೆನಪಿದೆ ಅಪ್ಪ. ಇಷ್ಟು ದಿನ ಆ ಸಾಲನ್ನು ಮಾತ್ರ ಓದುತ್ತಿದ್ದೆ. ಭಾನುವಾರ ಕೂತು ಮೂರು ಪುಟವನ್ನೂ ಓದಿದೆ.

ಅಜ್ಜಿಗೆ ನನ್ನ ಶರಣು ತಿಳಿಸು. ಹಾಡುವುದನ್ನು ಬಿಡಬೇಡ. ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಮೃತ್ಯುಂಜಯ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಸ್ವಾಮಿಗಳಿಗೂ ಒಂದು ಕಾಗದ ಇದರ ಜೊತೆಯಲ್ಲೇ ಹಾಕುತ್ತಿದ್ದೇನೆ. ಮಗು ತಾಯಿಯ ಹತ್ತಿರವೇ ಇರಲಿ, ಇದು ನನ್ನ ಮಾತು, ಅವಳನ್ನು ಕರೆಸಬೇಡಿ, ಏನೂ ಕೇಳಬೇಡಿ ಅಂತ ಬರೆದಿದ್ದೇನೆ. ನೀನು ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಆ ಸೋಮವಾರ ನೀನು ಸ್ಕೂಲಿಗೆ ಹೋಗು.