ಕೋಟು ಸಿಕ್ಕವರು

ಭಾನುವಾರ, ಮಾರ್ಚ್ ೯

ಪ್ರೀತಿಯ ಕ್ಯಾಪ್ಟನ್‌ಗೆ,

ನಿನ್ನ ಹಳೆಯ ಕೀಪರ್ ಮಾಡುವ ನಮಸ್ಕಾರ. ನಿನ್ನ ಎರಡು ಕಾಗದಗಳೂ ತಲುಪಿವೆ, ಉತ್ತರ ಮಾತ್ರ ನನ್ನಿಂದ ಹೊರಡಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಮಂಡಿನೋವು ಹೇಗಿದೆ? ಮೊಮ್ಮಕ್ಕಳಿಗೆ ಬೌಲಿಂಗ್ ಕಲಿಸಲು ಹೋಗಿ ಮಗಳ ಮನೆಯ ಕಿಟಕಿ ಗಾಜು ಒಡೆದದ್ದನ್ನು ಓದಿ ನನ್ನವಳು ನಕ್ಕಳು. ಈ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ನಮ್ಮ ಕ್ರಿಕೆಟ್ ಕ್ಲಬ್ಬಿಗೆ ಈ ವರ್ಷ ಐವತ್ತು ತುಂಬುತ್ತದೆ. ಚರಿತ್ರೆ ಬರೆದುಕೊಡಿ ಎಂದು ಹುಡುಗರು ಬೆನ್ನು ಹತ್ತಿದ್ದಾರೆ. ಬಟ್ಟೆ ಹೊಲಿಯುವವನಿಗೆ ಚರಿತ್ರೆ ಬರೆಯಲು ಹೇಳಿದರೆ ಅವನು ತೋಳು ಎಷ್ಟುದ್ದ ಇಡಲಿ ಎಂದು ಕೇಳುತ್ತಾನೆ. ಆದರೂ ಕೂತೆ. ದನ ಮೇಯುತ್ತಿದ್ದ ಬೀಳು ಜಾಗದಲ್ಲಿ ನಾವು ಕಲ್ಲು ಆರಿಸಿದ್ದು, ಹಳೆಯ ಹಾಸಿಗೆಯ ಹತ್ತಿ ತುಂಬಿ ನಾನು ಪ್ಯಾಡು ಹೊಲಿದದ್ದು, ಮೈದಾನ ಕೆರೆಯ ಕಡೆಗೆ ಇಳಿಜಾರಾಗಿದ್ದು, ಸೋತಾಗಲೆಲ್ಲ ನೀನು ‘ನೆಲ ಡೊಂಕು’ ಅಂದದ್ದು, ಎಲ್ಲ ಸಲೀಸಾಗಿ ಬಂತು. ಕೋಟಿನ ವಿಷಯಕ್ಕೆ ಬಂದು ಪೆನ್ನು ನಿಂತಿದೆ.

ನಿನಗೆ ನೆನಪಿರಬೇಕು. ಮೊದಲ ವರ್ಷ ಹಾಲಿನವನು ಆಡಿದ ಆಟಕ್ಕೆಲ್ಲ ಸೊನ್ನೆ ಸುತ್ತುತ್ತಿದ್ದ. ‘ನೀನು ತಂಡದಲ್ಲಿಲ್ಲ’ ಎಂದು ಅವನ ಮುಖ ನೋಡಿ ಹೇಳಲು ನಿನಗೆ ಬಾಯಿ ಬರಲಿಲ್ಲ. ಬೆಳಗಾದರೆ ಅವನೇ ಹಾಲು ತರಬೇಕಲ್ಲ. ಅಂಪೈರ್ ಹಾಕಿಕೊಳ್ಳಲೆಂದು ಕಂಪೌಂಡರ್ ಕೊಟ್ಟಿದ್ದ ಬಿಳಿ ಕೋಟನ್ನು ನೀನು ಅವನ ಕೈಗಿತ್ತು, ‘ಇವತ್ತು ನೀನು ನಿಂತ್ಕೊ, ನೀನು ನಿಂತ್ರೆ ಯಾರೂ ತಕರಾರು ತೆಗೆಯಲ್ಲ’ ಅಂದೆ. ಅವನಿಗೆ ಅರ್ಥವಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಅಂದಿನಿಂದ ನಮ್ಮಲ್ಲಿ ಯಾರನ್ನೂ ತಂಡದಿಂದ ತೆಗೆದದ್ದೇ ಇಲ್ಲ. ಕೋಟು ಕೊಡುವುದು, ಅಷ್ಟೇ. ಸಿಕ್ಕವನು ಏಕೆಂದು ಕೇಳುವಂತಿಲ್ಲ, ಉಳಿದವರು ಆ ಮಾತೆತ್ತುವಂತಿಲ್ಲ. ಅಂಚೆಯವನು ಕೋಟು ಹಾಕಿಕೊಂಡೇ ಮರದ ಹಿಂದೆ ಅತ್ತು ಬಂದು ಆಟ ನಡೆಸಿದ. ನನಗೆ ಕೊಟ್ಟ ದಿನ ನೀನು ನನ್ನ ಕಡೆ ನೋಡಲಿಲ್ಲ. ನಿನಗೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ, ನೀನೇ ಗೂಟದಿಂದ ತೆಗೆದು ಹಾಕಿಕೊಂಡೆ. ಒಳ್ಳೆಯ ಪದ್ಧತಿ ಎಂದೇ ನಾವೆಲ್ಲ ತಿಳಿದಿದ್ದೆವು.

ಈಗ ಮನೆಯ ಸುದ್ದಿ. ನನ್ನ ಚಿಕ್ಕವನು ಕ್ಯಾಪ್ಟನ್ ಆದದ್ದು ನಿನಗೆ ಗೊತ್ತು. ದೊಡ್ಡವನು, ನೀನೇ ಕೈ ಹಿಡಿದು ಬ್ಯಾಟು ಕಲಿಸಿದವನು, ಬಸ್ಸು ಓಡಿಸುತ್ತ, ರಜೆ ಸಿಕ್ಕಿದಾಗಲೆಲ್ಲ ಮೊದಲ ಬ್ಯಾಟಿಗೆ ಇಳಿಯುತ್ತ ಇದ್ದ. ಈ ಸಲ ರನ್ನು ಬರುತ್ತಿರಲಿಲ್ಲ. ಯಾರಿಗೆ ಬರುತ್ತದೆ ಯಾವಾಗಲೂ? ಕೆರೆಯಾಚೆಯ ಊರಿನವರ ಜೊತೆ ಆಟವಿದ್ದ ದಿನ, ಈಗ ಅಂಪೈರ್ ಆಗಿ ನಿಲ್ಲುವ ಕಂಪೌಂಡರ್‌ಗೆ ಜ್ವರ. ಚಿಕ್ಕವನು ಕೋಟು ತೆಗೆದು ಅಣ್ಣನ ಕೈಗೆ ಕೊಟ್ಟ.

ದೊಡ್ಡವನು ಹಾಕಿಕೊಂಡ, ಹೋಗಿ ನಿಂತ. ನಮ್ಮವರು ಬ್ಯಾಟಿಗಿಳಿದಾಗ ಚಿಕ್ಕವನು ಚೆನ್ನಾಗಿಯೇ ಆಡುತ್ತಿದ್ದ. ಒಂದು ಚೆಂಡು ಅವನ ಬ್ಯಾಟಿನಿಂದ ಒಂದು ಮೊಳ ದೂರ ಹೋಗಿ ಅವರ ಕೀಪರ್ ಕೈ ಸೇರಿತು. ಸುಮ್ಮನೆ ಕೂಗಿ ನೋಡೋಣವೆಂದು ಅವರು ಕೂಗಿದರು. ದೊಡ್ಡವನು ಬೆರಳೆತ್ತಿದ. ಬೆಂಚಿನ ಮೇಲೆ ಕೂತಿದ್ದ ನನಗೇ ಕಂಡಿತ್ತು, ಬ್ಯಾಟು ತಾಗಿರಲಿಲ್ಲ. ನಾವು ಸೋತೆವು.

ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ತಮ್ಮ ಕೋಟು ಕೊಟ್ಟು ಅವಮಾನ ಮಾಡಿದ, ಅಣ್ಣ ಬೆರಳೆತ್ತಿ ಸೇಡು ತೀರಿಸಿಕೊಂಡ ಎಂದು ಊರು ತೀರ್ಪು ಕೊಟ್ಟಾಗಿದೆ. ಚಿಕ್ಕವನನ್ನು ಕೂರಿಸಿಕೊಂಡು ಕೇಳಿದೆ. ‘ಅಣ್ಣ ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದ ಅಪ್ಪ. ಓಡೋದು ಬೇಡ, ಒಂದು ಕಡೆ ನಿಂತಿರ್ಲಿ ಅಂತ ಕೊಟ್ಟೆ. ಕೋಟಿಗೆ ಅಷ್ಟೊಂದು ಅರ್ಥ ಇಟ್ಟೋರು ನೀವು, ನಾವಲ್ಲ’ ಅಂದ. ನಿಜ ಹೇಳುತ್ತಿದ್ದಾನೆ. ಅದನ್ನು ಅಣ್ಣನಿಗೆ ಹೇಳಲು ಅವನಿಗೆ ಬಿಗುಮಾನ, ಬೆರಳೆತ್ತಿದ್ದು ಗಂಟಲಲ್ಲಿ ಸಿಕ್ಕಿಕೊಂಡಿದೆ. ದೊಡ್ಡವನಿಗೆ ನಾನು ಹೇಳೋಣವೆಂದರೆ, ಆ ಮಾತು ಎತ್ತಿದ ಕೂಡಲೇ ಎದ್ದು ಹೋಗುತ್ತಾನೆ. ಮಾತೆತ್ತಬಾರದೆಂದು ಕಲಿಸಿದವರೂ ನಾವೇ.

ಆ ಆಟದ ಮರುದಿನದಿಂದ ಅವನು ಬಸ್ಸಿಗೂ ಹೋಗಿಲ್ಲ. ರಜೆ ಹಾಕಿದ್ದೇನೆ ಅನ್ನುತ್ತಾನೆ. ಒಂದು ಕೋಟಿಗೋಸ್ಕರ ಯಾರಾದರೂ ಕೆಲಸ ಬಿಡುತ್ತಾರಾ ಎಂದು ಡಿಪೋದವರು ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಅವರಮ್ಮ ನಮ್ಮ ಮೂವರಿಗೂ ಬೇರೆಬೇರೆ ಹೊತ್ತಿಗೆ ತಟ್ಟೆ ಇಡುತ್ತಾಳೆ. ಮೊನ್ನೆ ಅಂಗಡಿಯಲ್ಲಿ ಒಂದು ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ. ಬಿಚ್ಚಿ ಮತ್ತೆ ಹೊಲಿದೆ. ನನ್ನ ಮೇಲೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಒಳಗೆ ಏನೋ ಜೋಮು ಹಿಡಿದ ಹಾಗಿದೆ, ಕ್ಯಾಪ್ಟನ್. ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ.

ಅದಕ್ಕೇ ನಿನ್ನನ್ನು ಕೇಳುವುದು. ಒಂದು ಕಾಗದ ದೊಡ್ಡವನಿಗೆ ನೀನೇ ಬರೆ. ಅದು ನಿಜವಾದ ಕೋಟಲ್ಲ, ತಮ್ಮ ತಿಳಿಯದೆ ಕೊಟ್ಟದ್ದು, ಲೆಕ್ಕಕ್ಕಿಲ್ಲ ಎಂದು ಬರೆ. ಪದ್ಧತಿ ಕಟ್ಟಿದವನು ನೀನು, ನೀನು ರದ್ದು ಮಾಡಿದರೆ ಅವನು ಒಪ್ಪಿಯಾನು. ನನ್ನ ಮಾತು ಅವನಿಗೆ ಅಪ್ಪನ ಮಾತು, ನಿನ್ನದು ಕ್ಯಾಪ್ಟನ್ ಮಾತು.

ಮಗಳು, ಅಳಿಯನಿಗೆ ನಮ್ಮಿಬ್ಬರ ಆಶೀರ್ವಾದ. ಮೊಮ್ಮಕ್ಕಳ ಕೈಗೆ ಬಲ ಬರಲಿ, ಕಿಟಕಿಗಳಿಗೆ ಆಯುಷ್ಯ ಬರಲಿ. ತಣ್ಣೀರಲ್ಲಿ ಮಂಡಿ ನೆನೆಸಬೇಡ.

ಇಂತಿ,
ನಿನ್ನ ಹಳೇ ಕೀಪರ್

ಮತ್ತೆ: ಬುಧವಾರ. ಮೇಲಿನದನ್ನು ಬರೆದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಹೊಸದಾಗಿ ಬರೆಯುವ ಶಕ್ತಿ ಇಲ್ಲ, ಅದನ್ನೇ ಕಳಿಸುತ್ತಿದ್ದೇನೆ.

ನಿನ್ನೆ ದೊಡ್ಡವನು ಅಂಗಡಿಗೆ ಬಂದ. ಯಾವಾಗಲೂ ಕೊಡುವಂತೆ ಸೂಜಿ, ದಾರ ಕೊಟ್ಟು ಪೋಣಿಸು ಅಂದೆ. ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಕೆಳಗಿಟ್ಟ.

‘ಕೋಟಿಗಲ್ಲ ಅಪ್ಪ. ಅವತ್ತು ಅಲ್ಲಿ ನಿಂತಾಗ ಆ ಕಡೆ ವಿಕೆಟ್ಟೇ ಕಾಣಿಸ್ಲಿಲ್ಲ. ಕೂಗಿದ್ದು ಕೇಳಿಸ್ತು, ಕೈ ಎತ್ತಿದೆ.’

ಹೋದ ಬೇಸಿಗೆಯಿಂದಲೂ ನೋಟದ ನಡುವೆ ಒಂದು ಮಸಕಂತೆ. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದನಂತೆ. ಆ ಆಟದ ಮರುದಿನ ಬಸ್ಸಿನ ಬಾಗಿಲವರೆಗೆ ಹೋಗಿ ಹಿಂದಿರುಗಿದ. ‘ಒಳಗೆ ಅಷ್ಟು ಜನ ಕೂತಿದ್ರು’ ಅಂದ. ಒಬ್ಬನೇ ಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾನೆ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಔಷಧಿಯಿಲ್ಲ, ಉಳಿದದ್ದೂ ಹೋಗುತ್ತದೆ ಎಂದರಂತೆ. ಎಷ್ಟು ದಿನ ಎಂದು ಅವನು ಕೇಳಲಿಲ್ಲ. ನಾನೂ ಅವನನ್ನು ಕೇಳಲಿಲ್ಲ.

ತಮ್ಮನಿಗೆ, ಅಮ್ಮನಿಗೆ ನೀವೇ ಹೇಳಿ ಎಂದ. ಇನ್ನೂ ಹೇಳಿಲ್ಲ. ಸೂಜಿಗೆ ನಾನೇ ಹೇಗೋ ದಾರ ಪೋಣಿಸಿ ಗಿರಾಕಿಯ ಅಂಗಿಗೆ ಗುಂಡಿ ಹಚ್ಚಿದೆ. ಅವನು ಪಕ್ಕದಲ್ಲೇ ಕೂತಿದ್ದ.

ನಾನು ಕೇಳಿದ ಕಾಗದ ಬೇಡ. ದೊಡ್ಡವನಿಗೆ ಬೇರೆ ಏನಾದರೂ ಬರೆ, ಮಂಡಿನೋವಿನ ಬಗ್ಗೆಯೇ ಬರೆ. ನಿನ್ನದು ಇರುವೆ ಸಾಲಿನಂಥ ಅಕ್ಷರ. ದೊಡ್ಡದಾಗಿ ಬರೆ, ಹಾಳೆಗೆ ನಾಲ್ಕೇ ಸಾಲು ಹಿಡಿದರೂ ಪರವಾಗಿಲ್ಲ. ಅವನೇ ಓದಿಕೊಳ್ಳಲಿ. ತಡ ಮಾಡಬೇಡ.