ನಾಲ್ಕು ಡಬ್ಬ ತೆಳು ಆಯಿಲ್

೯ ಜೂನ್, ಮಂಗಳವಾರ

ಪ್ರೀತಿಯ ಲಂಬೂ,

ನಿನಗೆ ಕಾಗದ ಬರೆಯದೆ ಎರಡು ತಿಂಗಳಾಯಿತು. ಕೆಲಸವಿತ್ತು, ಮೈ ಸರಿಯಿರಲಿಲ್ಲ ಎಂದೆಲ್ಲ ಸಬೂಬು ಹೇಳಬಹುದು. ಆದರೆ ಸ್ಕೂಲಿನ ಬೆಂಚಿನಿಂದಲೂ ನನ್ನ ಸುಳ್ಳು ನಿನಗೆ ಗೊತ್ತಾಗಿಬಿಡುತ್ತದೆ. ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ, ಅಷ್ಟೆ. ಏಪ್ರಿಲಿನಲ್ಲಿ ನೀನು ಮಾಡಿದ ಆ ಫೋನಿನ ವಿಷಯ ಬರೆಯಲೇಬೇಕು, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಕಾರಿನದು. ಅದು ಸ್ವಲ್ಪ ಸುಲಭ.

ನಿನ್ನ ಕಾರು ಹೋಯಿತು, ಲಂಬೂ. ರಿಪೇರಿಗೆ ಬಂದಿದೆ ಎಂದಲ್ಲ, ಸತ್ತೇ ಹೋಗಿದೆ. ಎಂಜಿನ್ನಿನ ಪಕ್ಕೆಯಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ತೂತು ಬಿದ್ದಿದೆ. ಕೊಂದವನು ನಾನೇ.

ಎರಡು ವರ್ಷದ ಹಿಂದೆ ಮಗಳು ಪುಟ್ಟಿಯ ಚಿಕಿತ್ಸೆಗೆಂದು ನೀವು ಊರು ಬಿಟ್ಟಾಗ ನೀನು ಅದನ್ನು ನನ್ನ ಶೆಡ್ಡಿನಲ್ಲಿ ನಿಲ್ಲಿಸಿ, "ಕುಳ್ಳ, ನಿನ್ ಕಿವಿ ಇರೋವರೆಗೂ ಇದಕ್ಕೇನೂ ಆಗಲ್ಲ ಬಿಡು" ಎಂದಿದ್ದೆ. ಆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ನೀನು ಕೂತರೆ ಮಂಡಿ ಸ್ಟಿಯರಿಂಗಿಗೆ ಬಡಿಯುತ್ತಿತ್ತು. ನಿನ್ನ ಮಗಳು ಅದನ್ನು ನೋಡಿ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. "ಆಸ್ಪತ್ರೆಯಿಂದ ಬಂದ್ಮೇಲೆ ನಾನೇ ಓಡಿಸ್ತೀನಿ ಚಿಕ್ಕಪ್ಪ, ಅಪ್ಪ ಪಕ್ಕದಲ್ಲಿ ಮಡಚ್ಕೊಂಡು ಕೂತ್ಕೊಳ್ಳಲಿ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತಿಗಾಗಿಯೇ ಕಾರನ್ನು ಒರೆಸಿ ಒರೆಸಿ ಇಟ್ಟಿದ್ದೆ.

ಅದಕ್ಕೆ ಆಯಿಲ್ ಹಾಕುವುದು ಡಬ್ಬದ ಮೇಲಿನ ನಂಬರ್ ಓದಿ ಮಾಡುವ ಕೆಲಸವಲ್ಲ, ನಿನಗೇ ಗೊತ್ತು. ಬರೀ ದಪ್ಪ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಗೋಳಾಡುತ್ತದೆ. ತೆಳುವಾದದ್ದು ಹೆಚ್ಚಾದರೆ ಬಿಸಿಯಾದ ಮೇಲೆ ಬೇರಿಂಗಿನಲ್ಲಿ ನಿಲ್ಲದೆ ಜಾರಿಹೋಗುತ್ತದೆ. ದಪ್ಪದ್ದು ತುಂಬಿ, ಎಂಜಿನ್ ಓಡಿಸಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವುದು ನನ್ನ ಪದ್ಧತಿ. ಆಮೇಲೆ ಅರ್ಧ ಲೀಟರಿನ ಅಳತೆ ಡಬ್ಬದಲ್ಲಿ ದಪ್ಪದ್ದು ಒಂದು ತೆಗೆದು ತೆಳುವಿನದು ಒಂದು ಹಾಕುವುದು. ಆಯಿಲ್ ತೆಳುವಾಗಿ ಎಂಜಿನ್ನೊಳಗಿನ ಟ್ಯಾಪೆಟ್ ಟಿಕ್ ಟಿಕ್ ಎನ್ನತೊಡಗಿದರೆ ಅಲ್ಲಿಗೆ ಸಾಕು. ಮೂವತ್ತು ವರ್ಷದಲ್ಲಿ ಒಂದು ಡಬ್ಬ ದಾಟಿದ್ದಿಲ್ಲ. ಎರಡು ಆಯಿಲ್ ಬೆರೆಸಬೇಡಿ ಎಂದು ಕಾರಿನ ಪುಸ್ತಕದಲ್ಲಿ ಬರೆದಿದೆ. ಪುಸ್ತಕಕ್ಕೆ ಕಿವಿ ಎಲ್ಲಿದೆ ಎಂದು ಜಂಬ ಕೊಚ್ಚುತ್ತಿದ್ದವನೂ ನಾನೇ.

ನಿನ್ನ ಫೋನ್ ಬಂತಲ್ಲ, ಪುಟ್ಟಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರೆಂದೇ ನಾನು ತಿಳಿದುಕೊಂಡೆ. ಮರುದಿನವೇ ಶೆಡ್ಡು ತೆಗೆದು ಹಳೇ ಆಯಿಲ್ ಇಳಿಸಿ ಹೊಸದು ತುಂಬಿದೆ. ಒಂದು ಡಬ್ಬ ತೆಳುವಿನದು ಹಾಕಿ ಕೇಳಿದೆ. ಟಿಕ್ ಇಲ್ಲ. ಎರಡನೆಯದಕ್ಕೂ ಇಲ್ಲ. ಎಂಜಿನ್ನಿಗೆ ಮತ್ತೆ ಪ್ರಾಯ ಬಂದಿದೆ, ಹುಡುಗಿಗೋಸ್ಕರ ಸಿಂಗರಿಸಿಕೊಂಡಿದೆ ಎಂದು ಹಿಗ್ಗಿಹೋದೆ. ನಾಲ್ಕು ಡಬ್ಬ ಹಾಕಿದೆ.

ಆಮೇಲೆ ಬೀದಿಗೆ ತೆಗೆದೆ. ಎಲ್ಲರೂ ತಿರುಗಿ ತಿರುಗಿ ನೋಡಿದರು. ನಾನು ಮದುಮಗನಂತೆ ಕೈ ಬೀಸಿದೆ. ಪಂಕ್ಚರ್ ಅಂಗಡಿಯವನು ಬಾಯಿ ಬಾಯಿ ಬಿಡುತ್ತ ಪಕ್ಕದಲ್ಲೇ ಓಡಿಬಂದ, ಅವನಿಗೂ ಒಂದು ಸಲಾಮು ಹೊಡೆದೆ. ಆಯಿಲ್ ಮೀಟರಿನ ಮುಳ್ಳು ನೆಲ ಕಚ್ಚಿತ್ತು. ಮೀಟರೇ ಕೆಟ್ಟಿದೆ ಎಂದುಕೊಂಡು ಬೆರಳಿನಿಂದ ಗಾಜು ತಟ್ಟಿದೆ. ಕಾಲಿನ ಕೆಳಗೆ ಏನೋ ಒದ್ದಂತಾಯಿತು, ಹೊಗೆ ಬಂತು, ಗಾಡಿ ನಿಂತಿತು. ಪಂಕ್ಚರಿನವನು ಬಾಗಿಲು ತೆಗೆದು ನನ್ನ ಮುಖದ ಹತ್ತಿರ ಮುಖ ತಂದು ಕಿರುಚಿದಾಗ ತುಟಿ ನೋಡಿ ಮಾತು ಅರ್ಥವಾಯಿತು. "ಅಷ್ಟು ದೂರದಿಂದ ಸುತ್ತಿಗೇಲಿ ಹೊಡ್ದಂಗೆ ಕೇಳ್ತಿತ್ತಲ್ಲ ಸಾರ್, ನಿಮಗೆ ಕೇಳಿಸ್ಲಿಲ್ವಾ?"

ಇಲ್ಲ. ಕೇಳಿಸಲಿಲ್ಲ.

ಆದರೂ ಒಪ್ಪಿಕೊಳ್ಳಲಿಲ್ಲ. ಒಂದು ತಿಂಗಳು ಗುದ್ದಾಡಿ ನನ್ನವಳು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಬಂದಾಗ ಗುಂಡಿ ಒತ್ತಿ ಎಂದು ಸನ್ನೆ ಮಾಡಿದರು. ಸುಮಾರು ಹೊತ್ತು ಕಾದು, "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದೆ. ಪರೀಕ್ಷೆ ಮುಗಿದಿತ್ತು. ನರವೇ ಸತ್ತಿದೆ, ಮಿಷನ್ ಹಾಕಿಯೂ ಪ್ರಯೋಜನವಿಲ್ಲ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ಇವಳು ವಯಸ್ಸಾದ ಮೇಲೆ ಮಾತು ಕಡಿಮೆ ಮಾಡಿದ್ದಾಳೆ, ಮನೆ ಶಾಂತವಾಗಿದೆ ಎಂದು ಎರಡು ವರ್ಷದಿಂದ ಒಳಗೊಳಗೇ ಖುಷಿಪಟ್ಟಿದ್ದೆನಲ್ಲೋ!

ಮನೆಗೆ ಬಂದವಳೇ ಅದೇ ಚೀಟಿಯ ಹಿಂದೆ ಬರೆದು ನನ್ನ ಮುಂದೆ ಹಿಡಿದಳು: "ಹಾಗಾದ್ರೆ ಅವತ್ತು ಫೋನಲ್ಲಿ ನಿಮ್ಮ ಗೆಳೆಯ ಏನು ಹೇಳಿದ್ರು?" ಅವಳು ಕಿಟಕಿಯ ಹತ್ತಿರ ಹೋಗಿ ನಿಮ್ಮ ಮನೆಗೆ ಫೋನ್ ಮಾಡಿದಳು. ನನಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅದು ಅಲುಗಾಡುವುದನ್ನು ನೋಡುತ್ತ ಕೂತಿದ್ದೆ.

ಕಾರಿಗೆ ಬಟ್ಟೆ ಹೊದಿಸಿದ್ದೇನೆ. ಆ ಎಂಜಿನ್ ಬೆಸೆಯಲು ಬರುವುದಿಲ್ಲ, ಅಂಥದ್ದು ಇನ್ನೊಂದು ಸಿಗುವುದೂ ಇಲ್ಲ. ಶೆಡ್ಡಿನ ಬೀಗದ ಕೈ ಇವಳ ಹತ್ತಿರ ಕೊಟ್ಟುಬಿಟ್ಟೆ. ಅತ್ತಿಗೆಗೆ ನಮಸ್ಕಾರ ಎಂದು ಬರೆದು ಹೊಡೆದುಹಾಕಿದ್ದೇನೆ, ಯಾವ ಮುಖ ಇಟ್ಟುಕೊಂಡು ಬರೆಯಲಿ? ನೀವಿಬ್ಬರೂ ಊಟ ಬಿಡಬೇಡಿ. ದೇವರು ನಿಮಗೆ ರಾತ್ರಿ ನಿದ್ದೆಯನ್ನಾದರೂ ಕೊಡಲಿ.

ನಿನ್ನ
ಕುಳ್ಳ

ತಾ.ಕ.: ಆ ದಿನ ಫೋನಿನಲ್ಲಿ ಒಂದು ಮಾತೂ ನನಗೆ ಕೇಳಿಸಲಿಲ್ಲ. ಗುಂಯ್ ಎನ್ನುತ್ತಿತ್ತು, ಅಷ್ಟೆ. ಕಿವುಡ ಎನ್ನಿಸಿಕೊಳ್ಳಲು ನಾಚಿಕೆಯಾಗಿ, ಎಲ್ಲರ ಹತ್ತಿರ ಮಾಡುವಂತೆ ನಿನ್ನ ಹತ್ತಿರವೂ ಅಂದಾಜಿನ ಮೇಲೆ ಮಾತಾಡಿದೆ. ಪುಟ್ಟಿ ಹೋಗಿಬಿಟ್ಟಳು ಎಂದು ನೀನು ಅಳುತ್ತಿದ್ದರೆ ನಾನು ಜೋರಾಗಿ ನಕ್ಕು, "ನಾನು ಮೊದ್ಲೇ ಹೇಳಿರ್ಲಿಲ್ವೇನೋ? ಪೀಡೆ ಕಳೀತು ಬಿಡು, ಇನ್ಮೇಲೆ ಆರಾಮಾಗಿ ನಿದ್ದೆ ಮಾಡು" ಎಂದೆ. ಅತ್ತಿಗೆ ನಿನ್ನ ಪಕ್ಕದಲ್ಲೇ ಇದ್ದರಂತೆ. ನೀನು ನಂಬಲಾಗದೆ, "ಕುಳ್ಳ, ನಾನ್ ಹೇಳಿದ್ದು ಕೇಳಿಸ್ತೇನೋ?" ಎಂದು ಮೂರು ಸಲ ಕೇಳಿದೆಯಂತೆ. ಮೂರು ಸಲವೂ ನಾನು, "ಚೆನ್ನಾಗಿ ಕೇಳಿಸ್ತು ಕಣೋ" ಎಂದಿದ್ದೇನೆ.