ಬರೇ ಅಲ್ಯುಮಿನಿಯಂ

ಕೆರೂರ
ಬುಧವಾರ, 12 ಫೆಬ್ರುವರಿ 2025

ಚಿ. ಸೌ. ಶುಭದಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಅಲ್ಲವಾ, ನಿನ್ನೆ ಫೋನಿನಲ್ಲಿ ನೀನು ‘ಅಪ್ಪಾ, ಗಾಡಿ ತಯಾರದ ಹೌದಿಲ್ಲೋ?’ ಎಂದು ಕೇಳಿದಾಗ ನಾನು ಹೂಂ ಅಂದೆನಲ್ಲ, ಆ ಹೂಂ ಪೂರಾ ಹೂಂ ಅಲ್ಲ. ಉಳಿದದ್ದನ್ನು ಹೇಳಲು ಬಾಯಿ ತೆರೆಯುವುದರೊಳಗೆ ‘ಸಾಲಿ ಗಂಟಿ ಆತು’ ಎಂದು ನೀನು ಫೋನು ಇಟ್ಟುಬಿಟ್ಟೆ. ನಾನು ಮಾತು ಉದ್ದ ಮಾಡುವವನು ಎಂಬುದು ಗೊತ್ತಿದ್ದದ್ದೇ. ಕಾಗದಕ್ಕೆ ಗಂಟೆ ಬಾರಿಸುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನಿನ್ನ ಕೆಮ್ಮು ಹೇಗಿದೆ? ಹುನಗುಂದದ ಧೂಳಿನಲ್ಲಿ ನಡೆಯುವಾಗ ಬಾಯಿಗೆ ಸೆರಗು ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅಳಿಯಂದಿರು ಸತ್ಯಬೋಧರ ಮೊಣಕಾಲು ನೋವು ಇಳಿಯಿತೇ? ನಾನು ಚೆನ್ನಾಗಿದ್ದೇನೆ, ಬಲಗೈಯ ಮೂರು ಬೆರಳು ಬಿಟ್ಟು. ಅಕ್ಷರ ಸೊಟ್ಟ ಬಂದದ್ದು ಅದಕ್ಕೆ. ಬೆರಳಿನ ಸುದ್ದಿಗೆ ಆಮೇಲೆ ಬರುತ್ತೇನೆ.

ನಿನ್ನ ಅವ್ವನ ಸ್ಕೂಟರು ಅವಳು ಹೋದ ಮೇಲೆ ನಾಲ್ಕು ವರ್ಷ ಹಿತ್ತಲಿನ ತಗಡಿನ ಕೆಳಗೆ ನಿಂತೇ ಇತ್ತು. ಮಾರಲು ಮನಸ್ಸಿರಲಿಲ್ಲ, ಹತ್ತಲು ನನಗೆ ಬರುವುದಿಲ್ಲ. ನಿನ್ನ ಸಾಲಿಗೆ ಬಸ್ಸಿಲ್ಲ, ಇಳಕಲ್ಲ ರಸ್ತೆಯಿಂದ ದಿನಾ ಮೂರು ಕಿಲೋಮೀಟರು ನಡೆಯಬೇಕು, ‘ಅವ್ವನ ಗಾಡಿ ನಾ ಒಯ್ತೇನಿ’ ಎಂದು ನೀನು ಕೇಳಿದಾಗ ನನಗಾದ ಸಂತೋಷ ನಿನಗೆ ಹೇಳಲಿಲ್ಲ. ಮಗಳಿಗೆ ಕೊಡುವುದಾದರೆ ಹೊಸದರಂತೆ ಮಾಡಿ ಕೊಡಬೇಕು ಎಂದು ಹಟ ಹಿಡಿದೆ. ಬಸ್‌ಸ್ಟ್ಯಾಂಡ್ ಹತ್ತಿರದ ಮಿಸ್ತ್ರಿ ಅರ್ಷದ ಇಂಜಿನ್ನು ಬಿಚ್ಚಿ ಜೋಡಿಸಿ, ಒಂದೇ ಕಿಕ್ಕಿಗೆ ಚಾಲೂ ಮಾಡಿಕೊಟ್ಟ. ಒರೆಸಿದರೆ ಬಣ್ಣವೂ ಮೇಲೆ ಬಂತು. ಅಲ್ಲಿಗೇ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಕಿಕ್ಕು, ಕಾಲಿಡುವಲ್ಲಿಯ ಪಟ್ಟಿಗಳು, ಗಾಲಿಯ ನಡುವಿನ ಗುಂಬ, ಅಲ್ಯುಮಿನಿಯಂ ಇದ್ದಲ್ಲೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬೂದಿ ಹಿಡಿದಿತ್ತು. ಅದಕ್ಕೆ ಆಕ್ಸಿಡೇಶನ್ ಎನ್ನುತ್ತಾರೆ. ಬಾಗಲಕೋಟೆಯ ಕಾಲೇಜಿನಲ್ಲಿ ಎರಡು ವರ್ಷ ಸಾಯನ್ಸು ಓದಿದವನು ನಾನು, ಅಷ್ಟು ನೆನಪಿದೆ. ಅಷ್ಟೇ ನೆನಪಿದೆ ಎಂಬುದು ಈಗ ಗೊತ್ತಾಯಿತು.

ಮೊದಲು ದೇವರ ಉಪಕರಣಿ ತಿಕ್ಕುವ ಹುಣಸೆಹಣ್ಣಿನಿಂದಲೇ ತಿಕ್ಕಿದೆ. ಸ್ವಲ್ಪ ಹೊಳಪು ಬಂತು. ನಿಂಬೆಹಣ್ಣು ಹಚ್ಚಿದೆ, ಇನ್ನೂ ಸ್ವಲ್ಪ. ಆ ಸ್ವಲ್ಪದಿಂದಲೇ ಆಸೆ ಹೆಚ್ಚಾದದ್ದು. ಬಾಗಲಕೋಟೆಗೆ ಹೋಗಿ, ಗಾಡಿಯ ಸಾಮಾನು ಮಾರುವ ಅಂಗಡಿಯಲ್ಲಿ ‘ಜರ್ಮನ್ ತೊಳಿಯೋ ಔಷಧ ಕೊಡ್ರಿ’ ಅಂದೆ. ನಮ್ಮ ಮನೆಯಲ್ಲಿ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನದೆ ಏನೆನ್ನುತ್ತಾರೆ? ಅಂಗಡಿಯವನು ‘ಜರ್ಮನಿ ಮಾಲು ಇಟ್ಟಿಲ್ರಿ ಅಜ್ಜಾರ, ಇದ ದಿಲ್ಲೀದು ಭಾಳ ಚಲೋ ಅದ’ ಎಂದು ಒಂದು ಬಾಟಲಿ ಕೈಗಿಟ್ಟ. ಅಜ್ಜಾರ ಅಂದದ್ದು ಹೋಗಲಿ. ಬಾಟಲಿಯ ಹಿಂದೆ ಇರುವೆ ಸಾಲಿನಂತಹ ಇಂಗ್ಲಿಷು. ಬಸ್ಸಿನಲ್ಲಿ ಕೂತು ಕನ್ನಡಕ ಏರಿಸಿ ಓದಿದೆ. ‘ನಾಟ್ ಫಾರ್’ ಎಂದಿತ್ತು, ಆಮೇಲೆ ಬಿ, ಎ, ಆರ್, ಇ ಎಂಬ ನಾಲ್ಕಕ್ಷರ, ಆಮೇಲೆ ಅಲ್ಯುಮಿನಿಯಂ. ನಾನು ಓದಿದ್ದು, ನಾಟ್ ಫಾರ್ ಬರೇ ಅಲ್ಯುಮಿನಿಯಂ. ಈಗಿನ ಜಾಹೀರಾತುಗಳಲ್ಲಿ ಇಂಗ್ಲಿಷಿನೊಳಗೆ ನಮ್ಮ ಮಾತು ಕಲಸುತ್ತಾರಲ್ಲ, ಇದೂ ಹಾಗೇ ಎಂದುಕೊಂಡೆ. ಬರೇ ಅಲ್ಯುಮಿನಿಯಮ್ಮಿಗಷ್ಟೇ ಅಲ್ಲ, ಕಬ್ಬಿಣಕ್ಕೂ ಸ್ಟೀಲಿಗೂ ನಡೆಯುತ್ತದೆ ಎಂದರ್ಥ. ಎಷ್ಟು ಪ್ರಾಮಾಣಿಕ ಕಂಪನಿ ಎಂದು ಮೆಚ್ಚಿಕೊಂಡೆ ಬೇರೆ.

ಮರುದಿನ ಊಟಕ್ಕೆ ಮೊದಲು ಬ್ರಶ್ಶಿನಿಂದ ಎಲ್ಲದಕ್ಕೂ ಬಳಿದೆ. ಬುಸುಬುಸು ನೊರೆ ಬಂತು. ಮೂಗು ಉರಿಯಿತು, ಕೆಮ್ಮು ಹತ್ತಿತು, ಕೆಲಸ ಮಾಡುತ್ತಿದೆ ಎಂದು ಹಿಗ್ಗಿದೆ. ನೆನೆಯಲಿ ಎಂದು ಬಿಟ್ಟು ಊಟ ಮಾಡಿ ಬಂದೆ. ಬಂದು ನೀರು ಹಾಕಿದರೆ, ಶುಭದಾ, ಬೆಳ್ಳಿಯಂತಾಗಬೇಕಾದದ್ದು ಹೆಂಚು ಸುಟ್ಟಂತೆ ಕಪ್ಪು ಬಿಳಿ ಕಲೆ ಕಲೆ. ತಿಕ್ಕಿದಷ್ಟೂ ಕೆಟ್ಟಿತು. ಬರಿಗೈಯಿಂದ ತಿಕ್ಕಿದ್ದಕ್ಕೆ ಮೂರು ಬೆರಳಿನ ಚರ್ಮ ಸುಲಿಯಿತು. ಅಂಗಡಿಯವನಿಗೆ ಬೈದೆ, ಕಂಪನಿಗೆ ಬೈದೆ, ಮಧ್ಯಾಹ್ನದ ಊಟಕ್ಕೂ ಬೈದೆ. ಅರ್ಷದ ಬಂದು ನೋಡಿದವನೇ ‘ರಾಯರ, ಇದಕ್ಕ ಏನ್ ಎರದೀರಿ?’ ಅಂದ. ಬಾಟಲಿ ತೋರಿಸಿ, ಬರೇ ಅಂತ ಓದಿದ್ದನ್ನೂ ಹೇಳಿದೆ. ಅವನು ನಗು ತಡೆಯಲಾರದೆ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. ‘ಅದು ಬೇರ್ ಅಂತರಿ. ಮ್ಯಾಲೆ ಬಣ್ಣ ಪಾಲೀಶ ಏನೂ ಇಲ್ಲದ್ದು. ಅಂಗಿ ಬಿಚ್ಚಿದಂಗ. ನೀವು ಅಂಗಿ ಇಲ್ಲದವನ ಮ್ಯಾಲೆ ಆಸಿಡ್ ಸುರದೀರಿ ನೋಡ್ರಿ.’ ಕಾಲೇಜು ಓದಿದವನು ನಾನು, ಏಳನೆಯ ಇಯತ್ತೆ ಬಿಟ್ಟವನು ಅವನು.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ರಾತ್ರಿ ಮಲಗಿದಾಗ ಹೊಳೆದ ಒಂದು ಮಾತಿಗೆ. ಬರೇ ಎಂದು ಓದುವ ಬದಲು ಬರಿ ಎಂದು ಓದಿದ್ದರೆ ಸಾಕಿತ್ತಲ್ಲ. ಬರಿಗೈ, ಬರಿಮೈ, ಬರಿಗಾಲು. ಕನ್ನಡವೇ ನೆಟ್ಟಗೆ ಬಂದಿದ್ದರೆ ಇಂಗ್ಲಿಷೂ ಬರುತ್ತಿತ್ತು.

ಬರಿಗಾಲು ಅಂದೆನಲ್ಲ. ಬ್ರೇಕಿನ ಪೆಡಲಿನ ಮಾತು ಈವರೆಗೆ ಬೇಕೆಂದೇ ಬಿಟ್ಟಿದ್ದೆ. ನಿನಗೆ ನೆನಪಿರಬೇಕು, ಚಪ್ಪಲಿ ಜಾರುತ್ತದೆ ಎಂದು ನಿನ್ನ ಅವ್ವ ಗಾಡಿ ಹತ್ತಿದಾಗ ಚಪ್ಪಲಿ ಬಿಚ್ಚಿಡುತ್ತಿದ್ದಳು. ಬಾದಾಮಿಯ ಸಾಲಿಗೆ ಹನ್ನೊಂದು ವರ್ಷ ಹಾಗೇ ಹೋಗಿ ಬಂದಳು. ದಾರಿಯಲ್ಲಿ ಒಂದು ಆಡು ಕಂಡರೂ ಬ್ರೇಕು. ನಾನು ಹಿಂದೆ ಕೂತು ಗೊಣಗಿದರೆ ‘ನಿಲ್ಲಸೋದು ಬಂದ್ರ ಸಾಕ್ರಿ, ಓಡಸೋದು ತಾನ ಬರ್ತದ’ ಅನ್ನುತ್ತಿದ್ದಳು. ಗಾಡಿಗೆಲ್ಲ ಬೂದಿ ಹಿಡಿದರೂ ಆ ಪೆಡಲೊಂದಕ್ಕೆ ಹಿಡಿದಿರಲಿಲ್ಲ. ಅವಳ ಅಂಗಾಲಿನ ಮುಂದಿನ ಭಾಗ ತಾಗುವಲ್ಲಿ ರೂಪಾಯಿಯಷ್ಟು ಜಾಗ ಕನ್ನಡಿಯಂತಿತ್ತು. ಉಳಿದದ್ದೆಲ್ಲ ಹಾಗಾಗಬೇಕು ಎಂಬುದೇ ನನ್ನ ಆಸೆಯಾಗಿತ್ತು. ಅದಕ್ಕೂ ಬಳಿದೆ. ಯಾಕೆ ಬಳಿದೆ ಎಂದು ಕೇಳಬೇಡ, ಕೈ ಸಾಲಾಗಿ ಬಂತು, ಬಳಿಯಿತು. ಈಗ ಆ ಜಾಗ ಎಲ್ಲಿತ್ತು ಎಂದು ಹುಡುಕಿದರೂ ಸಿಗುವುದಿಲ್ಲ.

ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ, ದೇವರಿಗೆ ದೀಪ ಇಡಬೇಕು. ಅಳಿಯಂದಿರಿಗೆ ನನ್ನ ನಮಸ್ಕಾರ. ನಿನಗೆ ದಾರಿಯುದ್ದಕ್ಕೂ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಪಂಢರೀನಾಥ

ತಾ. ಕ.: ರವಿವಾರ ಸತ್ಯಬೋಧರು ಇಲ್ಲಿಗೆ ಬಂದು ಗಾಡಿ ಹೊಡೆದುಕೊಂಡು ಹೋಗುವುದು ಬೇಡ. ಪೆಡಲಿನಿಂದ ಇಳಿದ ಆಸಿಡ್ಡು ಬ್ರೇಕಿನ ವಾಯರನ್ನೂ ತಿಂದಿದೆ. ಮೊನ್ನೆ ಮುಂಜಾನೆ ಒತ್ತಿ ನೋಡಿದೆ, ಎಳೆ ಎಳೆಯಾಗಿ ಹರಿದುಹೋಯಿತು. ಫೋನಿನಲ್ಲಿ ಹೇಳಲು ಬಾಯಿ ಬರದದ್ದು ಇದು. ಅರ್ಷದ ಹೊಸ ವಾಯರು ತರಿಸಿ ಹಾಕುವವರೆಗೆ ಒಂದು ವಾರ ತಡೆಯಿರಿ. ಹೊಸ ಪೆಡಲೂ ಹಾಕುತ್ತೇನೆ ಅಂದ. ಹಳೆಯದು ಗಟ್ಟಿ ಇದೆಯೋ ಇಲ್ಲವೋ ನೋಡು ಅಂದೆ, ಬಡಿದು ನೋಡಿ ಗಟ್ಟಿ ಐತಿ ಅಂದ. ಹಾಗಾದರೆ ಬೇಡ ಅಂದೆ. ಕಪ್ಪಾಗಿದ್ದರೂ ಅದೇ ಇರಲಿ. ಚಪ್ಪಲಿ ಡಿಕ್ಕಿಯಲ್ಲಿಟ್ಟು ಹೋಗು.